ಕಾವೇರಿ ಕಾಫಿ ಗಿಡಕ್ಕೂ ತುಕ್ಕು ಬಂತು. ಗಿಡಕ್ಕೆ ಶಕ್ತಿ ಹೋಯ್ತಾ, ತುಕ್ಕಿಗೆ ಬುದ್ಧಿ ಬಂತಾ?

ಹಾನುಬಾಳು ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ ಅರೇಬಿಕಾ ಕಾಫಿ ತೋಟ. ಬೆಂಗಳೂರಿನ ಕೆಲಸ ಬಿಟ್ಟು ಬಂದು ಮೂರು ವರ್ಷ ಆಯಿತು. ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಯಾವಾಗ, ಚಿಗುರು ತೆಗೆಸುವುದು ಯಾವಾಗ ಅಂತ ಈಗೀಗ ಗೊತ್ತಾಗುತ್ತಿದೆ. ಪ್ರಶ್ನೆ ಪೆದ್ದುಪೆದ್ದಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮನೆ ಹಿಂದಿನ ಇಳಿಜಾರಿನಲ್ಲಿ ಎರಡು ಎಕರೆ ಕಾವೇರಿ ತಳಿ ಇದೆ. ಕ್ಯಾಟಿಮಾರ್ ಅಂತಾರಲ್ಲ, ಅದೇ. ಅಪ್ಪ 1993ರಲ್ಲಿ ಹಾಕಿದ್ದು. "ಇದಕ್ಕೆ ತುಕ್ಕು ಬರಲ್ಲ, ಔಷಧಿ ಖರ್ಚು ಉಳಿಯುತ್ತೆ" ಅಂತ ಆಗ ಕೇಳಿದ ಕಡೆಯೆಲ್ಲ ಅದೇ ಮಾತಂತೆ. ತುಕ್ಕು ಅಂದರೆ ಎಲೆಯ ಅಡಿಯಲ್ಲಿ ಕೇಸರಿ ಪುಡಿ ಬಂದು ಎಲೆ ಉದುರಿಸುವ ಬೂಸ್ಟು ರೋಗ. ಮೊದಲ ಏಳೆಂಟು ವರ್ಷ ಮಾತು ನಿಜವೂ ಆಯಿತು. ಅಪ್ಪ ಆ ಇಳಿಜಾರಿಗೆ ಸ್ಪ್ರೇಯರ್ ಹೊತ್ತುಕೊಂಡು ಹೋಗಿದ್ದೇ ಇಲ್ಲ. ಆಮೇಲೆ ಅಲ್ಲಿ ಇಲ್ಲಿ ಒಂದೊಂದು ಗಿಡ. ಈ ಸಲ ಮಳೆ ಬಿಟ್ಟ ಮೇಲೆ ಒಳಗೆ ಹೋದೆ. ಹೊರಗೆ ಬರುವಾಗ ನನ್ನ ಅಂಗಿ ತೋಳು ಪೂರ್ತಿ ಕೇಸರಿ. ಎಲೆ ಮಗುಚಿದರೆ ಪುಡಿ, ಗಿಡ ಅಲ್ಲಾಡಿಸಿದರೆ ಪುಡಿ. ಕಾಯಿ ತುಂಬಿದ ರೆಕ್ಕೆಗಳಲ್ಲಿ, ಅಂದರೆ ಅಡ್ಡ ಕೊಂಬೆಗಳಲ್ಲಿ, ಎಲೆಯೇ ಇಲ್ಲ. ತಮಾಷೆ ಏನೆಂದರೆ, ಪಕ್ಕದ ಹಳೇ ತಳಿ ಎಸ್.795 ಇದಕ್ಕಿಂತ ವಾಸಿ.

ಅಪ್ಪ ಹೇಳುವುದು, "ಗಿಡಕ್ಕೆ ವಯಸ್ಸಾಯ್ತು, ರಕ್ತ ಸತ್ತಿದೆ." ಸಸಿ ಮಾರುವವರೊಬ್ಬರು ಹೇಳುವುದು, "ಕಿತ್ತು ಹೊಸ ತಳಿ ಹಾಕಿ, ಗ್ಯಾರಂಟಿ." ಅಪ್ಪನಿಗೆ 1993ರಲ್ಲಿ ಸಿಕ್ಕಿದ್ದೂ ಇದೇ ಗ್ಯಾರಂಟಿ ಅಲ್ವಾ?

ಏನು ಹೊಡೆಯಬೇಕು ಅಂತ ಕೇಳುತ್ತಿಲ್ಲ. ಒಳಗೆ ಏನು ನಡೆಯಿತು ಅಂತ ಕೇಳುತ್ತಿದ್ದೇನೆ. ಗಿಡಕ್ಕೆ ಕಣ್ಣಿಲ್ಲ, ರಕ್ತ ಇಲ್ಲ. ಮೊದಲು ತುಕ್ಕನ್ನು ಹೇಗೆ ಗುರುತು ಹಿಡಿಯುತ್ತಿತ್ತು? ಈಗ ಯಾಕೆ ಹಿಡಿಯುತ್ತಿಲ್ಲ? ಒಂದು ಪುಡಿ ಹೇಗೆ ಕಲಿಯುತ್ತದೆ?

---

ಮರಗಸಿ ಮಾವ

ತಮ್ಮಾ, ನಲವತ್ತು ವರ್ಷದಿಂದ ನೋಡುತ್ತಿದ್ದೇನೆ. ಯಾವ ತಳಿಯಾದರೂ ಅಷ್ಟೇ. ನೆರಳು ಜಾಸ್ತಿಯಾಗಿ ಎಲೆ ಒದ್ದೆ ಉಳಿದರೆ ತುಕ್ಕು. ಕಾಯಿ ಮಿತಿ ಮೀರಿ ಕಚ್ಚಿದರೆ ತುಕ್ಕು. ಮಳೆಗೆ ಮೊದಲು ಒಂದು, ಮಳೆ ಬಿಡುವಾಗ ಒಂದು ಬೋರ್ಡೋ ಹೊಡಿ. 200 ಲೀಟರ್ ಬ್ಯಾರೆಲ್‌ಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಬೇರೆ ಬೇರೆ ಕರಗಿಸು. ಬ್ಲೇಡ್ ಅದ್ದಿ ನೋಡು. ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ. ಸ್ಪ್ರೇ ಗನ್ ಕೆಳಗಿನಿಂದ ಮೇಲಕ್ಕೆ ಹಿಡಿಯಲು ಹೇಳು. ತುಕ್ಕು ನುಗ್ಗುವುದು ಎಲೆಯ ಅಡಿಯಿಂದ. ನಮ್ಮ ಹುಡುಗರು ಮೇಲೆ ನೀಲಿ ಬಣ್ಣ ಬಳಿದು ಮನೆಗೆ ಹೋಗುತ್ತಾರೆ.

ಒಳಗೆ ಏನಾಯಿತು ಅನ್ನುವುದನ್ನು ಓದಿದವರು ಹೇಳಲಿ.

---

ಭೂತಗನ್ನಡಿ

ಮಾವ ಹೇಳಿದ್ದರಲ್ಲಿ ಒಂದಕ್ಷರ ತೆಗೆಯುವ ಹಾಗಿಲ್ಲ. ಆದರೆ ಹುಡುಗ ಕೇಳಿದ್ದು ಬೇರೆ. ನನಗೆ ಬಹಳ ಇಷ್ಟವಾದ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕಾಫಿ ಮಾಡಿಕೊಂಡು ಕೂತುಕೊಳ್ಳಿ.

ಮೊದಲು ನನ್ನ ಪರಿಚಯ. ಓದಿದ್ದು ಸಸ್ಯರೋಗ ಶಾಸ್ತ್ರ. ಏಳು ವರ್ಷ ಲ್ಯಾಬಿನಲ್ಲಿ ಸ್ಲೈಡ್ ನೋಡಿದೆ. ಈಗ ಕೊಪ್ಪದ ಕಡೆ ಅಮ್ಮನ ಜೊತೆ ಐದು ಎಕರೆ ನೋಡಿಕೊಳ್ಳುತ್ತೇನೆ. 1996ರಲ್ಲಿ, ಓದು ತಲೆಗೆ ಹತ್ತಿದ್ದ ಕಾಲ, ಹಳೇ 795 ಎಲ್ಲ ಕಿತ್ತು ಬರೀ ಕಾವೇರಿ ಹಾಕಿಸಿ ಅಂತ ಅಪ್ಪನಿಗೆ ಹಟ ಮಾಡಿ ಹೇಳಿದವಳು ನಾನೇ. ಅಪ್ಪ ಕಾಫಿ ಒಣಗಿಸುವ ಕಣದ ಪಕ್ಕದ ಎರಡು ಸಾಲು ಮಾತ್ರ ಕೀಳಲಿಲ್ಲ. "ಇರಲಿ ಬಿಡೆ, ನೆಂಟರು ಬಂದರೆ ತೋರಿಸೋಕೆ" ಅಂದರು. ಅದರ ಕಥೆ ಆಮೇಲೆ.

ನಿಮ್ಮ ಅಪ್ಪನ ಮಾತಿಗೆ ಬರೋಣ. ಗಿಡಕ್ಕೆ ವಯಸ್ಸಾಗಿ ಶಕ್ತಿ ಹೋಗಿಲ್ಲ. ಪರೀಕ್ಷೆ ಸುಲಭ. ಅದೇ ಕಾವೇರಿಯ ಬೀಜದಿಂದ ಎಬ್ಬಿಸಿದ ಸಸಿಯನ್ನು ಅದೇ ಇಳಿಜಾರಿನಲ್ಲಿ ಇಟ್ಟು ನೋಡಿ. ಅದರಲ್ಲಿ ಎಷ್ಟೋ ಸಸಿಗೆ ಎಳೆತನದಲ್ಲೇ ಪುಡಿ ಕಾಣುತ್ತದೆ. ಗಿಡ ಇದ್ದ ಹಾಗೇ ಇದೆ. ಬದಲಾದದ್ದು ಪುಡಿ.

ಆ ಪುಡಿಯನ್ನು ಒಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಂದೊಂದು ಕಣವೂ ಸಿಪ್ಪೆ ಸುಲಿದ ಕಿತ್ತಳೆ ತೊಳೆಯ ಹಾಗೆ. ಬಣ್ಣವೂ ಅದೇ, ಆಕಾರವೂ ಅದೇ. ಬೆನ್ನ ಮೇಲೆ ಮುಳ್ಳುಮುಳ್ಳು, ಹೊಟ್ಟೆ ಕಡೆ ನುಣ್ಣಗೆ. ಅದಕ್ಕೇ ಶಾಸ್ತ್ರದ ಹೆಸರು ಹೆಮಿಲಿಯಾ ವಾಸ್ಟಾಟ್ರಿಕ್ಸ್. ಹೆಮಿಲಿಯಾ ಅಂದರೆ ಅರ್ಧ ನುಣುಪು. ಜೊತೆಗೆ ವಾಸ್ಟಾಟ್ರಿಕ್ಸ್, ಹಾಳುಗೆಡಹುವಂಥದ್ದು. 1869ರಲ್ಲಿ ಸಿಲೋನಿನಿಂದ ಹೋದ ಎಲೆ ನೋಡಿ ಬರ್ಕ್ಲಿ ಮತ್ತು ಬ್ರೂಮ್ ಈ ಹೆಸರಿಟ್ಟರು. ಮಾರನೇ ವರ್ಷವೇ ನಮ್ಮ ಕಡೆಗೂ ಬಂತು. ಇದರ ಹೊಡೆತಕ್ಕೆ ಸಿಲೋನು ಕಾಫಿ ಬಿಟ್ಟು ಚಹಾಕ್ಕೆ ಹೋದ ಕಥೆ ಗೊತ್ತಲ್ಲ.

ಈ ತೊಳೆ ಎಲೆಯ ಅಡಿಗೆ ಬಿದ್ದು, ಹನಿ ನೀರು ಸಿಕ್ಕರೆ ಮೊಳಕೆ ಒಡೆಯುತ್ತದೆ. ಮೊಳಕೆ ಎಲೆಯ ಮೇಲೆ ತಡವರಿಸುತ್ತಾ ಹೋಗಿ, ಎಲೆ ಉಸಿರಾಡುವ ತೂತಿನ ಮೇಲೆ ಕೂತು, ಅಲ್ಲಿಂದ ಒಳಗೆ ಇಳಿಯುತ್ತದೆ. ಒಳಗೆ ಹೋದ ಮೇಲೆ ಗಿಡದ ಜೀವಕೋಶವನ್ನು ಕೊಲ್ಲುವುದಿಲ್ಲ. ಇದು ಮುಖ್ಯ. ಬೆರಳಿನಂಥ ಒಂದು ಹೀರುಗೊಳವೆ ಚುಚ್ಚಿ, ಕೋಶವನ್ನು ಬದುಕಿಸಿಕೊಂಡೇ ಉಣ್ಣುತ್ತದೆ. ಹಸು ಸತ್ತರೆ ಹಾಲಿಲ್ಲ. ತುಕ್ಕಿನ ಲೆಕ್ಕ ಅಷ್ಟೇ.

ಗಿಡದ ಕಾವಲು ಎರಡು ಸುತ್ತಿನದು. ಹೊರಗಿನದು ನಾಯಿ ಇದ್ದ ಹಾಗೆ. ಯಾವ ಅಪರಿಚಿತ ಬಂದರೂ ಬೊಗಳುತ್ತದೆ. ಎಲ್ಲ ಬೂಸ್ಟಿನ ಮೈಯಲ್ಲೂ ಕೈಟಿನ್ ಅನ್ನುವ ವಸ್ತು ಇದೆ. ಗದ್ದೆ ಏಡಿಯ ಚಿಪ್ಪಿನಲ್ಲೂ ಅದೇ ಇರುವುದು. ಕೋಶದ ಹೊರಮೈಗೆ ಕೈಟಿನ್ ತಾಕಿದರೆ ಗಿಡ ಎಚ್ಚರವಾಗುತ್ತದೆ. ಗೋಡೆ ದಪ್ಪ ಮಾಡುತ್ತದೆ, ವಿಷ ಬಿಡುತ್ತದೆ. ನಮ್ಮ ತೋಟದ ಗಾಳಿಯಲ್ಲಿ ಹಾರಾಡುವ ನೂರಾರು ಬೂಸ್ಟುಗಳು ಕಾಫಿಗೆ ಏನೂ ಮಾಡಲಾರದೆ ಹೋಗುವುದರಲ್ಲಿ ಈ ನಾಯಿಯ ಪಾಲು ದೊಡ್ಡದು.

ತುಕ್ಕು ಈ ನಾಯಿಗೆ ತುಂಡು ಎಸೆದು ಬಾಯಿ ಮುಚ್ಚಿಸುವುದನ್ನು ಬಲ್ಲದು. ಹೀರುಗೊಳವೆಯಿಂದ ಕೆಲವು ಪ್ರೋಟೀನುಗಳನ್ನು ಕೋಶದೊಳಗೆ ಬಿಡುತ್ತದೆ. ಅವು ಎಚ್ಚರಿಕೆಯ ಗಂಟೆಯನ್ನೇ ಕಟ್ಟಿಹಾಕುತ್ತವೆ.

ಆಗ ಎರಡನೇ ಕಾವಲು. ಇವನು ಕೋಶದ ಒಳಗೇ ಕೂತಿರುತ್ತಾನೆ. ನಾಯಿಯ ಹಾಗೆ ಎಲ್ಲರನ್ನೂ ಅಲ್ಲ, ಒಬ್ಬ ಕಳ್ಳನನ್ನು ಮಾತ್ರ ಬಲ್ಲ. ಅದೂ ಅವನ ಬೀಡಿ ವಾಸನೆಯಿಂದ. ತುಕ್ಕು ಒಳಗೆ ಬಿಟ್ಟ ಪ್ರೋಟೀನುಗಳಲ್ಲಿ ಒಂದು ಇವನ ಮೂಗಿಗೆ ಬಿತ್ತೋ, ಮುಗಿಯಿತು. ಆ ಕೋಶ ತನ್ನನ್ನು ತಾನೇ ಸಾಯಿಸಿಕೊಳ್ಳುತ್ತದೆ. ಬದುಕಿದ ಕೋಶ ಬೇಕಿದ್ದ ತುಕ್ಕು ಅಲ್ಲೇ ಉಪವಾಸ ಬೀಳುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಸಾಸಿವೆಗಿಂತ ಸಣ್ಣ ಮಸುಕು ಚುಕ್ಕೆ ಕಾಣುತ್ತದೆ, ಪುಡಿ ಇರುವುದಿಲ್ಲ. ನಿಮ್ಮ ಅಪ್ಪ ಸ್ಪ್ರೇಯರ್ ಹೊತ್ತುಕೊಂಡು ಹೋಗದ ಆ ಏಳೆಂಟು ವರ್ಷಗಳಲ್ಲಿ ಆ ಎಲೆಗಳಲ್ಲಿ ಇಂಥ ಸಾವುಗಳು ನಡೆಯುತ್ತಲೇ ಇದ್ದಿರಬೇಕು.

ಈಗ ಪುಡಿ ಕಲಿಯುವುದು ಹೇಗೆ? ಕಲಿಯುವುದಿಲ್ಲ. ಒಂದು ಚುಕ್ಕೆಯಿಂದ ಕೆಲವು ತಿಂಗಳಲ್ಲಿ 3ರಿಂದ 4 ಲಕ್ಷ ಕಣ ಉದುರುತ್ತವೆ. ನಕಲು ಮಾಡುವಾಗ ಎಲ್ಲೋ ಒಂದು ಕಣದಲ್ಲಿ ತಪ್ಪಾಗಿ, ಆ ಬೀಡಿ ಪ್ರೋಟೀನು ಕೆಟ್ಟಿರುತ್ತದೆ ಅಥವಾ ಕಳೆದೇ ಹೋಗಿರುತ್ತದೆ. ಬೇರೆ ಗಿಡದ ಮೇಲೆ ಅದರಿಂದ ಲಾಭವಿಲ್ಲ. ಆದರೆ ಎರಡು ಎಕರೆ ಪೂರ್ತಿ ಅದೇ ಮೂಗಿನ ಕಾವಲುಗಾರರಿರುವ ಇಳಿಜಾರಿನಲ್ಲಿ? ಉಳಿದ ಕಣಗಳೆಲ್ಲ ಸತ್ತು ಇದೊಂದೇ ಉಳಿಯುತ್ತದೆ. ಮುಂದಿನ ವರ್ಷದ ಪುಡಿ ಪೂರ್ತಿ ಅದರ ಮಕ್ಕಳು. ತುಕ್ಕಿಗೆ ಒಂದು ತಲೆಮಾರು ಅಂದರೆ ಸುಮಾರು ಒಂದು ತಿಂಗಳು. ಕಾಫಿ ಗಿಡ ಹೂ ಬಿಡಲು ಮೂರು ವರ್ಷ ಬೇಕು. ನಾವು ತೋಟ ಬದಲಿಸುವುದು ನಲವತ್ತು ವರ್ಷಕ್ಕೊಮ್ಮೆ. ಈ ಓಟದಲ್ಲಿ ಯಾರು ಮುಂದೆ ಅಂತ ನೀವೇ ಹೇಳಿ.

ಇದನ್ನು ನಮ್ಮ ಸೀಮೆಯಷ್ಟು ಚೆನ್ನಾಗಿ ತೋರಿಸುವ ಜಾಗ ಕಡಿಮೆ. ಹಳೇ ಅರೇಬಿಕಾದಲ್ಲಿ ಇದ್ದ ಕಾವಲಿಗೆ, ಅಂದರೆ ತುಕ್ಕು ತಡೆಯುವ ಜೀನಿಗೆ, ಎಸ್‌ಎಚ್5 ಅಂತ ನಂಬರು. ಅದನ್ನು ದಾಟಿದ ತುಕ್ಕು ಆಗಲೇ ಎಲ್ಲ ಕಡೆ ಇತ್ತು. 1911ರಲ್ಲಿ ಕೆಂಟ್ ಅನ್ನುವ ಪ್ಲಾಂಟರು ಮೈಸೂರು ಸೀಮೆಯ ತೋಟದಲ್ಲಿ ತುಕ್ಕು ಹತ್ತದ ಒಂದು ಗಿಡ ಆರಿಸಿದರು. ಅದೇ ಕೆಂಟ್ಸ್ ತಳಿ. ಅದರಲ್ಲಿ 5ರ ಜೊತೆಗೆ ಎಸ್‌ಎಚ್2 ಇತ್ತು. ಎಲ್ಲರೂ ಅದನ್ನೇ ಹಾಕಿದರು. ಹತ್ತು ಚಿಲ್ಲರೆ ವರ್ಷದಲ್ಲಿ ಅದಕ್ಕೂ ಪುಡಿ. ಆಮೇಲೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಎಸ್.288 ತಳಿಗೆ ಕೆಂಟ್ಸ್ ಕೂಡಿಸಿ ಎಸ್.795 ಮಾಡಿದರು. 288ರ ಮೂಲದಲ್ಲಿ ಲೈಬೀರಿಕಾ ಕಾಫಿಯ ರಕ್ತ ಇತ್ತು, ಅಲ್ಲಿಂದ ಎಸ್‌ಎಚ್3 ಬಂತು. 1940ರ ದಶಕದಲ್ಲಿ ತೋಟಕ್ಕೆ ಬಂದ ಈ 795 ಹೆಚ್ಚು ಕಾಲ ಬಾಳಿತು. ಕೊನೆಗೆ 2, 3, 5 ಮೂರನ್ನೂ ದಾಟುವ ತುಕ್ಕು ಬಂತು. ಆಮೇಲೆ ಬಂದಿದ್ದು ಕಾವೇರಿ. ಅದರ ಕಾವಲುಗಾರರು ರೋಬಸ್ಟಾ ಕಡೆಯವರು, ಎಸ್‌ಎಚ್6ರಿಂದ 9. ಟಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೋಬಸ್ಟಾ ತಾವಾಗಿಯೇ ಬೆರೆತು ಹುಟ್ಟಿದ ಒಂದು ಗಿಡದ ವಂಶ.

ಈಗ ನಮ್ಮ ತುಕ್ಕಿನ ಪಟ್ಟಿ ನೋಡಿ. 5 ದಾಟಿದ್ದು, 2 ಮತ್ತು 5 ದಾಟಿದ್ದು, 2, 3, 5 ದಾಟಿದ್ದು, ಆಮೇಲೆ 6ರ ಮೇಲಿನವುಗಳನ್ನೂ ದಾಟಿದ್ದು. ನಾವು ತೋಟಕ್ಕೆ ತಂದ ತಳಿಗಳ ಪಟ್ಟಿಯನ್ನೇ ಕಾರ್ಬನ್ ಹಾಳೆ ಇಟ್ಟು ಬರೆದ ಹಾಗಿದೆ. ತುಕ್ಕಿನಲ್ಲೂ ಹೀಗೆ ಜಾತಿಗಳಿವೆ ಅಂತ ಜಗತ್ತಿಗೆ ಮೊದಲು ತೋರಿಸಿದ್ದು ಬಾಳೆಹೊನ್ನೂರಿನಿಂದಲೇ. ಮೇನ್ ಅನ್ನುವ ವಿಜ್ಞಾನಿ, 1932ರಲ್ಲಿ. ಅಲ್ಲಿ ಸಂಶೋಧನಾ ಕೇಂದ್ರ ಶುರುವಾಗಿ ಇನ್ನೂ ಏಳೇ ವರ್ಷ. ಈಗ ಈ ಕೆಲಸದ ದೊಡ್ಡ ಮನೆ ಇರುವುದು ಪೋರ್ಚುಗಲ್‌ನ ಓಯ್ರಾಸ್‌ನಲ್ಲಿ, 1955ರಿಂದ. ಯಾಕೆ ಅಲ್ಲಿ ಅಂದರೆ, ಅಲ್ಲಿ ಕಾಫಿ ತೋಟವೇ ಇಲ್ಲ. ಪುಡಿ ತಪ್ಪಿಸಿಕೊಂಡರೂ ಹೋಗಿ ಕೂರಲು ಗಿಡ ಇಲ್ಲ! ಇಲ್ಲಿಯವರೆಗೆ ಐವತ್ತಕ್ಕೂ ಹೆಚ್ಚು ಜಾತಿಯ ತುಕ್ಕು ಗುರುತಿಸಿದ್ದಾರೆ.

ನಮ್ಮ ಕಣದ ಪಕ್ಕದ ಎರಡು ಸಾಲು ನೆನಪಿದೆಯಲ್ಲ. 2005ರ ಹೊತ್ತಿಗೆ ನಾನು ಹಾಕಿಸಿದ ಕಾವೇರಿ ನವೆಂಬರಿಗೆಲ್ಲ ಬೋಳು. ಆ 795ಕ್ಕೂ ತುಕ್ಕಿತ್ತು. ಆದರೆ ಚುಕ್ಕೆ ನಿಧಾನ, ಪುಡಿ ಕಡಿಮೆ, ಎಲೆ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಅಪ್ಪ ಏನೂ ಅನ್ನಲಿಲ್ಲ. ಸಂಜೆ ಕಾಫಿ ಕುಡಿಯಲು ಕುರ್ಚಿ ತಂದು ಆ ಸಾಲಿನ ಎದುರೇ ಹಾಕಿಕೊಳ್ಳುತ್ತಿದ್ದರು, ಅಷ್ಟೇ.

---

ಅಗಸಿ ಚಟ್ನಿ

ಅಕ್ಕಾರ, ನಾ ಧಾರವಾಡ ಕಡೆಯವ. ಕಾಫಿ ಕುಡಿಯೋದಷ್ಟೇ ಗೊತ್ತು. ಆದರೂ ಪೂರ್ತಿ ಓದಿದೆ. ಎರಡು ಸಂಶಯ.

ಒಂದು, ಕಳ್ಳ ಬೀಡಿ ಬಿಟ್ಟರೆ ಸಾಕು ಅಂದರೆ ಎಲ್ಲ ತುಕ್ಕೂ ಎಲ್ಲ ಬೀಡಿ ಬಿಟ್ಟುಬಿಡಬಹುದಿತ್ತಲ್ಲ? ಇಷ್ಟೊತ್ತಿಗೆ ಒಂದೇ ಮಹಾ ತುಕ್ಕು ಇರಬೇಕಿತ್ತು. ಇನ್ನೊಂದು, ಸಿಕ್ಕಿದ್ದಕ್ಕೆಲ್ಲ ಕೋಶ ಸಾಯಿಸಿಕೊಳ್ಳುವ ಗಿಡ ಮಾಡಿದರೆ ಆಗೋದಿಲ್ಲೇನು?

---

ನಾಲ್ಕೆಕರೆ

ಭೂತಗನ್ನಡಿ ಮೇಡಂ, ಚೆನ್ನಾಗಿ ಬರೆದಿದ್ದೀರಿ. ಆದರೆ ಎಲ್ಲವನ್ನೂ ತುಕ್ಕಿನ ತಲೆಗೆ ಕಟ್ಟಬೇಡಿ. ಕಾವೇರಿಯ ಬೀಜ ಎಷ್ಟು ಜನ ಸರಿಯಾದ ಕಡೆಯಿಂದ ತಂದಿದ್ದಾರೆ? ನಮ್ಮಲ್ಲಿ 1999ರಲ್ಲಿ ಒಂದು ನರ್ಸರಿಯಿಂದ ಎರಡು ಸಾವಿರ ಸಸಿ ತಂದೆವು. ನೆಟ್ಟ ಮೂರನೇ ವರ್ಷ ನೋಡಿದರೆ ಕೆಲವು ಗಿಡ್ಡ, ಕೆಲವು ಎತ್ತರ, ಚಿಗುರು ಕೆಲವಕ್ಕೆ ಕಂಚು ಬಣ್ಣ, ಕೆಲವಕ್ಕೆ ಹಸಿರು. ಕೇಳಲು ಹೋದರೆ ನರ್ಸರಿಯೇ ಮುಚ್ಚಿತ್ತು. ಬೆರಕೆ ಮೂಲದ ತಳಿ ತಲೆಮಾರಿಗೆ ಒಡೆಯುತ್ತಾ ಹೋಗುತ್ತದೆ. ಕೆಲವು ಗಿಡಕ್ಕೆ ನೀವು ಹೇಳಿದ ಕಾವಲುಗಾರನೇ ಬಂದಿರುವುದಿಲ್ಲ. ಅಲ್ಲಿ ಹಳೇ ತುಕ್ಕೇ ಸಾಕು, ಹೊಸ ತುಕ್ಕು ಬೇಡ.

ಹುಡುಗ, ನಿಮ್ಮ ಇಳಿಜಾರಿನಲ್ಲಿ ಗಿಡ ಎಣಿಸಿ. ಸಾಲಾಗಿ ನಲವತ್ತು. ಎಲ್ಲಕ್ಕೂ ಒಂದೇ ಥರ ಬಂದಿದೆಯಾ, ಬಿಟ್ಟು ಬಿಟ್ಟು ಬಂದಿದೆಯಾ ಹೇಳಿ. ಆಮೇಲೆ ತೀರ್ಪು ಕೊಡೋಣ.

---

ಭೂತಗನ್ನಡಿ

ನಾಲ್ಕೆಕರೆಯವರೇ, ನೀವು ಹೇಳಿದ್ದು ಸರಿ, ನಾನು ಹಾರಿಸಿಬಿಟ್ಟೆ. ಎರಡೂ ಒಟ್ಟಿಗೆ ನಡೆಯುತ್ತವೆ. ಹುಡುಗ ಎಣಿಸಿ ಹೇಳಲಿ.

ಧಾರವಾಡದವರ ಹೆಸರು ನೋಡಿ ನಗು ಬಂತು. ಯಾಕೆಂದರೆ ನಿಮ್ಮ ಮೊದಲ ಸಂಶಯಕ್ಕೆ ಉತ್ತರ ಸಿಕ್ಕಿದ್ದೇ ಅಗಸೆಯಲ್ಲಿ. ಅಮೆರಿಕದ ನಾರ್ತ್ ಡಕೋಟಾದಲ್ಲಿ ಹೆರಾಲ್ಡ್ ಫ್ಲೋರ್ ಅನ್ನುವವರು ಅಗಸೆ ಮತ್ತು ಅಗಸೆಯ ತುಕ್ಕು, ಎರಡನ್ನೂ ಬೇರೆ ಬೇರೆಯಾಗಿ ಅಡ್ಡತಳಿ ಮಾಡಿ ವರ್ಷಗಟ್ಟಲೆ ಲೆಕ್ಕ ಇಟ್ಟರು. 1940ರ ದಶಕದಲ್ಲಿ ಅವರು ಹೇಳಿದ್ದಿಷ್ಟು. ಗಿಡದ ಒಂದೊಂದು ಕಾವಲಿಗೂ ತುಕ್ಕಿನಲ್ಲಿ ಅದಕ್ಕೆ ಎದುರಾದ ಒಂದೊಂದು ಜೀನ್ ಇದೆ. ಡಿಎನ್‌ಎ ಹೇಗಿದೆ ಅಂತಲೂ ಗೊತ್ತಿಲ್ಲದ ಕಾಲ ಅದು. ಬರೀ ಗಿಡ ನೋಡಿ, ಎಣಿಸಿ ಹೇಳಿದ್ದು. ನನಗೆ ಈ ಮನುಷ್ಯನ ಮೇಲೆ ವಿಪರೀತ ಗೌರವ.

ಮಹಾ ತುಕ್ಕು ಯಾಕೆ ಬರಲಿಲ್ಲ ಅನ್ನುವುದಕ್ಕೂ ಅಗಸೆಯೇ ಸಾಕ್ಷಿ. ಈ ಸಲ ಆಸ್ಟ್ರೇಲಿಯಾದ ಕಾಡು ಅಗಸೆ. ಥ್ರಾಲ್ ಮತ್ತು ಬರ್ಡನ್ ಅನ್ನುವವರು 2003ರಲ್ಲಿ ತೋರಿಸಿದರು, ಜಾಸ್ತಿ ಕಾವಲುಗಳನ್ನು ದಾಟುವ ತುಕ್ಕು ಕಡಿಮೆ ಕಣ ಉದುರಿಸುತ್ತದೆ. ಆ ಬೀಡಿ ಸುಮ್ನೆ ಸೇದುತ್ತಿದ್ದದ್ದಲ್ಲ. ಅದರಿಂದ ತುಕ್ಕಿಗೆ ಏನೋ ಕೆಲಸ ಆಗುತ್ತಿತ್ತು, ಬಿಟ್ಟಿದ್ದಕ್ಕೆ ದಂಡ ಕಟ್ಟಬೇಕು. ಹಾಗಾಗಿ ಕಾವಲು ಹೆಚ್ಚಿಲ್ಲದ ಗಿಡಗಳ ನಡುವೆ ಹಳೇ ತುಕ್ಕೇ ಚುರುಕು. ಕಾವಲು ಜಾಸ್ತಿ ಇರುವ ಕಡೆ ಮಾತ್ರ ದಂಡ ಕಟ್ಟಿದ ತುಕ್ಕು ಉಳಿಯುತ್ತದೆ. ಕಾಡಿನಲ್ಲಿ ಎರಡೂ ಥರದ ಗಿಡ ಬೆರೆತು ಇರುವುದರಿಂದ ಯಾರಿಗೂ ಪೂರ್ತಿ ಗೆಲುವಿಲ್ಲ. ಇಥಿಯೋಪಿಯಾದ ಕಾಡು ಕಾಫಿಯಲ್ಲೂ ಇದೇ ತುಕ್ಕು ಇದೆ. ಆದರೆ ಸಿಲೋನಿನ ಹಾಗೆ ಗುಡ್ಡಗುಡ್ಡವೇ ಬೋಳಾಗುವುದಿಲ್ಲ.

ನಮ್ಮ ರೋಬಸ್ಟಾವನ್ನೇ ನೋಡಿ. ಅದು ತನ್ನ ಹೂವಿಗೆ ತಾನೇ ಕಾಯಿ ಕಚ್ಚುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಹಾಗಾಗಿ ಬೀಜದಿಂದ ಎದ್ದ ಒಂದೊಂದು ಗಿಡವೂ ಒಂದೊಂದು ಥರ. ಪಕ್ಕದ ಗಿಡಕ್ಕೆ ಹತ್ತಿದ್ದು ಇದಕ್ಕೆ ಹತ್ತುವುದಿಲ್ಲ. ಅರೇಬಿಕಾ ತನಗೆ ತಾನೇ ಪರಾಗ ಮಾಡಿಕೊಳ್ಳುತ್ತದೆ, ಮಕ್ಕಳೆಲ್ಲ ಹೆಚ್ಚುಕಡಿಮೆ ತಾಯಿಯ ಪಡಿಯಚ್ಚು. ನಮಗೆ ಮಾರಾಟಕ್ಕೆ ಅದು ಅನುಕೂಲ, ತುಕ್ಕಿಗೆ ಅದಕ್ಕಿಂತ ಅನುಕೂಲ.

ಇನ್ನು ಎರಡನೇ ಸಂಶಯ. ಬೇಗ ಸಾಯುವ ಕೋಶ. ಇದನ್ನು ಒಮ್ಮೆ, ಗೊತ್ತಿಲ್ಲದೇನೆ, ಮಾಡಿ ನೋಡಿದ್ದಾರೆ. ಓಟ್ಸ್ ಬೆಳೆಗೆ ಒಂದು ತುಕ್ಕು ಇದೆ. ಅದಕ್ಕೆ ತಡೆ ಇರುವ ವಿಕ್ಟೋರಿಯಾ ಅನ್ನುವ ತಳಿಯ ರಕ್ತ ಬೆರೆಸಿ ಅಮೆರಿಕದಲ್ಲಿ 1940ರ ದಶಕದಲ್ಲಿ ಎಲ್ಲೆಲ್ಲೂ ಬಿತ್ತಿದರು. ತುಕ್ಕು ನಿಂತಿತು. ಬೆನ್ನಿಗೇ ಯಾರೂ ಲೆಕ್ಕಕ್ಕೆ ಇಡದಿದ್ದ ಇನ್ನೊಂದು ಬೂಸ್ಟು ಎದ್ದು ಬೆಳೆಯನ್ನು ನೆಲಕ್ಕೆ ಮಲಗಿಸಿತು. ಅದು ಸತ್ತ ಕೋಶ ತಿಂದು ಬದುಕುವಂಥದ್ದು. ಅದು ಬಿಡುವ ವಿಷ ಹೋಗಿ ತಟ್ಟುತ್ತಿದ್ದದ್ದು ಇದೇ ಕಾವಲುಗಾರನನ್ನು. ಅವನು ಕಳ್ಳ ಬಂದ ಅಂತ ಕೋಶ ಕೊಂದ. ಬೂಸ್ಟಿಗೆ ಬೇಕಿದ್ದದ್ದೂ ಅದೇ. ತುಕ್ಕು ತಡೆಯುವ ಗುಣ, ಈ ಹೊಸ ರೋಗಕ್ಕೆ ಬಲಿಯಾಗುವ ಗುಣ, ಎಷ್ಟೇ ತಳಿ ಬೆರೆಸಿದರೂ ಎರಡನ್ನೂ ಬಿಡಿಸಲು ಆಗಲಿಲ್ಲ. ನಾನು ಲ್ಯಾಬಿನಲ್ಲಿ ಇದನ್ನು ಮೊದಲ ಸಲ ಓದಿದ ದಿನ ಮಧ್ಯಾಹ್ನದ ಊಟ ಮರೆತಿದ್ದೆ.

ಹಾಗಾದರೆ ಮೈಲುತುತ್ತ ಯಾಕೆ ಇನ್ನೂ ಕೆಲಸ ಮಾಡುತ್ತದೆ ಅಂತ ಮಾವ ಕೇಳುವ ಮೊದಲೇ ಹೇಳುತ್ತೇನೆ. ತಾಮ್ರ ತುಕ್ಕಿನ ಒಂದು ಪ್ರೋಟೀನಿಗಲ್ಲ, ಹತ್ತಾರು ಕಡೆ ಒಟ್ಟಿಗೆ ಹೊಡೆಯುತ್ತದೆ. ಒಂದು ತಪ್ಪು ನಕಲಿನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ದ್ರಾಕ್ಷಿಗೆ ಅಂತ ಫ್ರಾನ್ಸಿನಲ್ಲಿ 1885ರಲ್ಲಿ ಹೊರಬಂದ ಔಷಧಿ, ಇವತ್ತಿಗೂ ನಮ್ಮ ಬ್ಯಾರೆಲ್ಲಿನಲ್ಲಿದೆ. ಗಿಡದೊಳಗೆ ಇಳಿದು ಒಂದೇ ಕಡೆ ಹೊಡೆಯುವ ಸಿಸ್ಟೆಮಿಕ್ ಔಷಧಿಯನ್ನು ವರ್ಷ ವರ್ಷ ಅದನ್ನೇ ಹೊಡೆಯಬೇಡಿ ಅನ್ನುವುದೂ ಇದಕ್ಕೇ.

---

ಮರಗಸಿ ಮಾವ

ಕೇಳಬೇಕು ಅಂತಲೇ ಇದ್ದೆ ಕಣಮ್ಮ.

ನಮ್ಮಜ್ಜನ ಕಾಲದಲ್ಲಿ ಒಂದೇ ತೋಟದಲ್ಲಿ ನಾಲ್ಕು ಥರ ಗಿಡ ಇರುತ್ತಿತ್ತು. ಹಣ್ಣು ಒಂದೇ ಸಲ ಆಗಲ್ಲ, ಆಳು ಮೂರು ಸಲ ಬೇಕು ಅಂತ ನಾವೇ ಬೈದು ಒಂದೇ ಮಾಡಿದ್ದು.

---

ಹಾನುಬಾಳು ಹುಡುಗ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಮೂರು ದಿನ ಮಳೆ ಇತ್ತು. ಇವತ್ತು ಬೆಳಿಗ್ಗೆ ಎಣಿಸಿದೆ. ಸ್ಟಾಂಪ್ ಸಂಗ್ರಹಿಸುವ ಕಾಲದ ನನ್ನ ಹಳೇ ಲೆನ್ಸ್ ಹಿಡಿದುಕೊಂಡು ಹೋಗಿದ್ದೆ.

ನಲವತ್ತು ಗಿಡ. ಇಪ್ಪತ್ತೇಳಕ್ಕೆ ಪುಡಿ. ಒಂಬತ್ತಕ್ಕೆ ಪುಡಿ ಇಲ್ಲ, ಆದರೆ ಬೆಳಕಿಗೆ ಹಿಡಿದರೆ ಅಕ್ಕ ಹೇಳಿದ ಸಾಸಿವೆ ಚುಕ್ಕೆ. ಮೊದಲು ಕಾಣಲೇ ಇಲ್ಲ. ಸೂರ್ಯನಿಗೆ ನೇರ ಹಿಡಿದ ಮೇಲೆ ಕಂಡಿತು. ಕೆಲವು ಎಲೆಯಲ್ಲಿ ಮೂವತ್ತಕ್ಕೂ ಜಾಸ್ತಿ. ನಾಲ್ಕು ಗಿಡದಲ್ಲಿ ಏನೂ ಇಲ್ಲ, ಹುಡುಕಿ ಹುಡುಕಿ ಸಾಕಾಯಿತು. ಪುಡಿ ಇದ್ದ ಇಪ್ಪತ್ತೇಳರಲ್ಲಿ ಐದು ಗಿಡ ಎತ್ತರವಾಗಿ ಬೇರೆ ಥರವೇ ಇವೆ. ಅವು ನಾಲ್ಕೆಕರೆ ಸರ್ ಹೇಳಿದ ಬೆರಕೆ ಇರಬೇಕು. ಉಳಿದವು ನೋಡಲು ಪಕ್ಕಾ ಕಾವೇರಿಯೇ.

ಇನ್ನೊಂದು ವಿಚಿತ್ರ. ಹೊಳೆ ಕಡೆಯ ಏಳೆಂಟು ಗಿಡದಲ್ಲಿ ಕೇಸರಿ ಪುಡಿಯ ಮೇಲೆ ಬಿಳಿ ಹತ್ತಿಯಂಥದ್ದು ಬೆಳೆದಿದೆ. ಹತ್ತಿ ಇರುವ ಕಡೆ ಪುಡಿ ಬೆರಳಿಗೆ ಹತ್ತುವುದಿಲ್ಲ. ಇದೂ ರೋಗವಾ?

ಅಪ್ಪ ಜೊತೆಗೇ ಬಂದಿದ್ದರು. ಸಾಸಿವೆ ಚುಕ್ಕೆಯನ್ನು ಲೆನ್ಸಿನಲ್ಲಿ ತುಂಬಾ ಹೊತ್ತು ನೋಡಿದರು. "ಇಷ್ಟು ಸಲ ಬಂದು ಹೋಗಿದೆಯಾ ಇದು" ಅಂದರು. ಆಮೇಲೆ ಏನೂ ಇಲ್ಲದ ನಾಲ್ಕು ಗಿಡಕ್ಕೆ ಅಮ್ಮನ ಹಳೇ ಕೆಂಪು ಸೀರೆಯ ಅಂಚು ಹರಿದು ಕಟ್ಟಿದರು. ಇವುಗಳ ಬೀಜ ಎಬ್ಬಿಸಿ ಇಡೀ ಇಳಿಜಾರಿಗೆ ಹಾಕೋಣ ಅನ್ನುತ್ತಿದ್ದಾರೆ. ಮಾಡಬಹುದಾ?

---

ಭೂತಗನ್ನಡಿ

ಬಿಳಿ ಹತ್ತಿ ರೋಗ ಅಲ್ಲ, ರೋಗಕ್ಕೆ ಬಂದ ರೋಗ. ಲೆಕಾನಿಸಿಲಿಯಂ ಅನ್ನುವ ಬೂಸ್ಟು, ತುಕ್ಕನ್ನು ತಿನ್ನುತ್ತದೆ. ಕಾಫಿಯ ಹಸಿರು ಶಲ್ಕ ಕೀಟದ ಮೇಲೂ ಇದೇ ಬೆಳೆಯುವುದು. ತುಕ್ಕನ್ನು ಪೂರ್ತಿ ನಿಲ್ಲಿಸುತ್ತದೆ ಅಂತಲ್ಲ. ಆದರೆ ಹೊಳೆ ಕಡೆಯ ಆ ಏಳೆಂಟು ಗಿಡಕ್ಕೆ ಈಗ ಬೋರ್ಡೋ ಹೊಡೆಸಬೇಡಿ. ತಾಮ್ರಕ್ಕೆ ನಮ್ಮವರು ಹೊರಗಿನವರು ಅಂತ ಭೇದ ಗೊತ್ತಿಲ್ಲ.

ಎಣಿಕೆ ನೋಡಿದರೆ ನಾಲ್ಕೆಕರೆಯವರಿಗೂ ನನಗೂ ಸೇರಿ ಪಾಸ್ ಮಾರ್ಕು. ಐದು ಗಿಡ ಅವರದ್ದು. ನೋಡಲು ಪಕ್ಕಾ ಕಾವೇರಿ ಆಗಿದ್ದೂ ಪುಡಿ ಹಿಡಿದ ಇಪ್ಪತ್ತೆರಡರಲ್ಲಿ ಜಾಸ್ತಿ ಪಾಲು ಹೊಸ ತುಕ್ಕಿನದು ಅಂತ ನನ್ನ ಅಂದಾಜು. ಚುಕ್ಕೆ ಇರುವ ಒಂಬತ್ತರಲ್ಲಿ ಇನ್ನೂ ದಾಟಲಾಗದ ಒಬ್ಬ ಕಾವಲುಗಾರ ಉಳಿದಿದ್ದಾನೆ. ಬೆರಕೆ ಮೂಲದ್ದಾದ್ದರಿಂದ ಕಾವೇರಿಯ ಮಕ್ಕಳೆಲ್ಲ 6, 7, 8, 9 ನಾಲ್ಕನ್ನೂ ಹೊತ್ತು ಹುಟ್ಟುವುದಿಲ್ಲ, ಹಂಚಿಕೊಂಡು ಹುಟ್ಟುತ್ತವೆ.

ನಾಲ್ಕು ಗಿಡದ ಬೀಜ ಖಂಡಿತ ತೆಗೆಯಿರಿ. ಆದರೆ ಇಡೀ ಇಳಿಜಾರಿಗೆ ಬೇಡ ಅಂತ ಅಪ್ಪನಿಗೆ ಹೇಳಿ. ನಾನು 1996ರಲ್ಲಿ ಮಾಡಿದ್ದು ಅದನ್ನೇ. ಕೊಲಂಬಿಯಾದವರು ಇದೇ ಟಿಮೋರ್ ವಂಶದಿಂದ ತಳಿ ಮಾಡುವಾಗ ಬೇಕೆಂದೇ ಬೇರೆ ಬೇರೆ ಸಂತತಿಯ ಬೀಜ ಬೆರೆಸಿ 1982ರಲ್ಲಿ ರೈತರಿಗೆ ಕೊಟ್ಟರು. ಹೆಸರು ಒಂದೇ, ಒಳಗೆ ಕಾವಲು ಬೇರೆ ಬೇರೆ. 2008ರ ನಂತರ ಅಲ್ಲಿ ತುಕ್ಕು ದೊಡ್ಡದಾಗಿ ಎದ್ದಾಗ ದೊಡ್ಡ ಹೊಡೆತ ಬಿದ್ದದ್ದು ಈ ಕಾವಲು ಇಲ್ಲದ ಹಳೇ ತಳಿ ಕಟುರಾ ತೋಟಗಳಿಗೆ. ನೀವೂ ಈ ನಾಲ್ಕು, ಆ ಒಂಬತ್ತರಲ್ಲಿ ಚೆನ್ನಾಗಿ ಕಾಯಿ ಬಿಡುವ ಮೂರು, ನಿಮ್ಮ 795ರಲ್ಲಿ ಎಲೆ ಹಿಡಿದುಕೊಂಡಿರುವ ಒಂದೆರಡು, ಜೊತೆಗೆ ಸರಿಯಾದ ಕಡೆಯಿಂದ ತಂದ ಚಂದ್ರಗಿರಿ ತಳಿ ಸ್ವಲ್ಪ, ಹೀಗೆ ಹಾಕಿ. ಚಂದ್ರಗಿರಿಯೂ ಟಿಮೋರ್ ವಂಶವೇ, ಅದೊಂದನ್ನೇ ನಂಬಬೇಡಿ. ಕೊಯ್ಲು ಮೂರು ಸಲ ಆಗುತ್ತದೆ ಅಂತ ಮಾವ ಬೈಯಬಹುದು.

ಬೀಜಕ್ಕೆ ಪೂರ್ತಿ ಹಣ್ಣಾದದ್ದನ್ನೇ ಆರಿಸಿ. ನೀರಿಗೆ ಹಾಕಿ ತೇಲಿದ್ದನ್ನು ಬಿಡಿ. ಸಿಪ್ಪೆ ಕೈಯಲ್ಲೇ ತೆಗೆದು, ಜರಡಿ ಹಿಡಿದ ಒಲೆ ಬೂದಿ ಬೆರೆಸಿ, ನೆರಳಲ್ಲಿ ಹರಡಿ ಒಣಗಿಸಿ. ಬಿಸಿಲಿಗೆ ಬೇಡ. ಪ್ರತಿ ಗಿಡದ ಬೀಜ ಬೇರೆ ಬೇರೆ ಚೀಟಿ ಹಾಕಿ ಇಡಿ. ಚೀಟಿ ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನದು ಮಡಿಯಲ್ಲಿ ನೀರು ಬಿದ್ದರೆ ಅಳಿಸಿಹೋಗುತ್ತದೆ.